ಎರಡು ಬ್ರೌಸರ್, ಒಂದು ಕೆಂಪು ದಾರ

ಅಂದು ಬೆಳಿಗ್ಗೆ ನಾನು ನನ್ನದೇ ಕೋಟು ಹೊಲಿಯುತ್ತಿದ್ದೆ. "ಊರಿಗೆಲ್ಲ ಹೊಲೀತೀರಿ, ನಿಮ್ಮ ಮೈಮೇಲೆ ಮಾತ್ರ ಹರಕಲು" ಎಂದು ಹೆಂಡತಿ ಎಷ್ಟೋ ದಿನದಿಂದ ಬೈಯುತ್ತಿದ್ದಳು. ಅವಳು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಮುಗಿಸಿ, ತೊಟ್ಟುಕೊಂಡು ಬಾಗಿಲಲ್ಲಿ ನಿಲ್ಲಬೇಕೆಂದು ನನ್ನ ಆಸೆ. ಎಡತೋಳು ಕೂಡಿಸಿ ಬಲತೋಳಿಗೆ ಕೈ ಹಾಕಿದ್ದೆ. ಮಗ ಬಂದ. ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತ.

"ಅಪ್ಪಾ, ಮೆಷಿನ್ ನಿಲ್ಲಿಸಿ."

ಅವನು ಮತ್ತೇನೂ ಹೇಳಬೇಕಾಗಲಿಲ್ಲ. ಮೆಷಿನ್ ನಿಂತಿತು. ನಲವತ್ತೊಂದು ವರ್ಷದ ಸಂಸಾರವೂ ನಿಂತಿತು. ಕೊಟ್ಟವನು ಭಗವಂತ, ಕರೆದುಕೊಂಡವನೂ ಅವನೇ. ಕೇಳಲು ನಾನು ಯಾರು? ಆದರೂ ಒಂದೇ ತೋಳಿನ ಆ ಕೋಟು ಗೂಟದಲ್ಲಿ ತೂಗುತ್ತಿದ್ದುದನ್ನು ನೋಡಿದಾಗಲೆಲ್ಲ ಕಣ್ಣು ತುಂಬುತ್ತಿತ್ತು.

ಇಲ್ಲಿ ಹೇಳಹೊರಟಿರುವುದು ಅವಳ ದನಿಯ ವಿಷಯ. ಕೇಳಿದವರಿಗೆ ಉಪಯೋಗವಾದೀತು.

ನಮ್ಮದು ಬೀದಿಗೆ ತೆರೆದ ಕೋಣೆಯಲ್ಲಿ ದರ್ಜಿ ಅಂಗಡಿ, ಹಿಂದೆ ಮನೆ. ಬಟ್ಟೆ ಕತ್ತರಿಸುವ ಮೇಜಿನ ಪಕ್ಕದಲ್ಲಿ ಒಂದು ಕಂಪ್ಯೂಟರ್. ಅದು ನನ್ನ ಹೆಂಡತಿಯ ರಾಜ್ಯ. ಅವಳಿಗೆ ದೂರದಲ್ಲಿ ಒಬ್ಬ ತಂಗಿ ಇದ್ದಾಳೆ, ಕಣ್ಣು ಕಾಣುವುದಿಲ್ಲ. ಎರಡು ವರ್ಷ, ಆಸ್ಪತ್ರೆ ಸೇರುವವರೆಗೂ, ಒಂದು ದಿನವೂ ತಪ್ಪದೆ ನನ್ನ ಹೆಂಡತಿ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತು, ನಾಲ್ಕು ಮಾತು ಆಡಿ, ಒಂದು ಪ್ರಾರ್ಥನೆ ಹೇಳಿ, ಅದನ್ನು ಧ್ವನಿಮುದ್ರಿಸಿ ತಂಗಿಗೆ ಕಳಿಸುತ್ತಿದ್ದಳು. ತಂಗಿಯ ಫೋನು ಹಳೆಯದು, ಜಾಗ ಸಾಲದು. ಕೇಳಿದ ಮೇಲೆ ಅಳಿಸಿದರೆ ಮಾತ್ರ ಮರುದಿನದ್ದು ಬರುತ್ತಿತ್ತು. ಎಲ್ಲವೂ ಉಳಿದಿದ್ದದ್ದು ಇಂಟರ್ನೆಟ್ಟಿನಲ್ಲಿ ನನ್ನ ಹೆಂಡತಿ ಇಟ್ಟುಕೊಂಡಿದ್ದ ಖಾತೆಯಲ್ಲಿ. ಅವಳು ಹೋದ ಮೇಲೆ ಅದನ್ನು ತೆರೆದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಅಂಗಡಿಯ ಎದುರಿಗೆ ಗಡಿಯಾರ ರಿಪೇರಿ ಮಾಡುವ ನನ್ನ ಗೆಳೆಯನಿದ್ದಾನೆ. ಬೀದಿಯವರಿಗೆಲ್ಲ ಅವನು ಗಡಿಯಾರದಣ್ಣ. ಒಂದು ಮಧ್ಯಾಹ್ನ ಬಂದು ನಮ್ಮ ಕಂಪ್ಯೂಟರಿನಲ್ಲಿ ತನ್ನ ಈಮೇಲ್ ತೆರೆದು, ಏನೋ ಅರ್ಜಿ ಕಳಿಸಿ, ಹಾಗೇ ಎದ್ದು ಹೋದ. ಮರುದಿನ ನಾನು ಗಿರಾಕಿಯೊಬ್ಬರಿಗೆ 'ಕೋಟಿನ ಅಳತೆ ಕಳಿಸಿ' ಎಂದು ಬರೆದೆ. ಸಂಜೆಯ ಹೊತ್ತಿಗೆ ಗಡಿಯಾರದಣ್ಣ ಉರಿಯುತ್ತಾ ಬಂದ.

"ಏನಯ್ಯಾ ದರ್ಜಿ, ಯಾರದೋ ಹೊಟ್ಟೆ ಸುತ್ತಳತೆ ನನ್ನ ಈಮೇಲ್‌ಗೆ ಬಂದಿದೆ! ನಾನು ಗಡಿಯಾರಕ್ಕೆ ಪಟ್ಟಿ ಹಾಕೋನೋ, ಆ ಹೊಟ್ಟೆಗೆ ಹಾಕೋನೋ?"

ತೆರೆದು ಬಿಟ್ಟುಹೋಗಿದ್ದ ಅವನ ಈಮೇಲಿನಿಂದಲೇ ನನ್ನ ಪತ್ರ ಹೋಗಿತ್ತು. ಇಬ್ಬರೂ ನಕ್ಕೆವು. ಹೆಂಡತಿ ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

"ಇರು, ಎಲ್ಲ ಒಂದೇ ಸಲ ಗುಡಿಸಿಬಿಡ್ತೀನಿ" ಎಂದು ಅವನು ಕೂತ. ಹಿಂದೆ ನೋಡಿದ ಪುಟಗಳು, ಉಳಿಸಿಟ್ಟ ಪಾಸ್‌ವರ್ಡ್, ತೆರೆದಿಟ್ಟ ಖಾತೆಗಳು, ಇವೆಲ್ಲವನ್ನೂ ಅಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. ಅವನು ಎಲ್ಲಕ್ಕೂ ಗುರುತು ಹಾಕಿದ. ನನ್ನ ಮುಖ ನೋಡಿದ. ನಾನು "ಹೂಂ" ಅಂದೆ.

ಆ ಒಂದು "ಹೂಂ" ನನ್ನ ನಿದ್ದೆ ಕೆಡಿಸಿತು.

ಎರಡು ದಿನದ ಮೇಲೆ ನಾದಿನಿಯ ಫೋನು ಬಂತು. "ಭಾವ, ನನಗೆ ಫೋಟೋ ಇಟ್ಕೊಂಡು ಪ್ರಯೋಜನ ಇಲ್ಲ. ಅಕ್ಕನ ದನಿ ಇದ್ರೆ ಕಳಿಸ್ತೀರಾ? ಒಂದೇ ಒಂದು ಸಾಕು" ಅಂದಳು.

ಕಂಪ್ಯೂಟರಿನ ಮುಂದೆ ಕೂತೆ. ಖಾತೆಯ ಪುಟ ಬಂತು. ಹೆಸರು ಕೇಳಿತು, ಪಾಸ್‌ವರ್ಡ್ ಕೇಳಿತು. ಪಾಸ್‌ವರ್ಡ್ ಅವಳೊಬ್ಬಳಿಗೇ ಗೊತ್ತಿದ್ದದ್ದು. ಮರೆತಿದ್ದರೆ ಫೋನಿಗೆ ಅಂಕಿ ಕಳಿಸುತ್ತೇವೆ ಎಂದಿತು. ಅವಳ ಫೋನಿನ ನಂಬರನ್ನು ಮಗ ಆಗಲೇ ನಿಲ್ಲಿಸಿಬಿಟ್ಟಿದ್ದ. ಫೋನನ್ನೂ ಖಾಲಿ ಮಾಡಿ ಯಾರಿಗೋ ಕೊಟ್ಟಿದ್ದ. ಅವಳು ಎರಡನೆಯ ಸಲ ಹೋದಳು, ಈ ಸಲ ನಾನೇ ಕಳಿಸಿಕೊಟ್ಟೆ ಎನ್ನಿಸಿತು.

ವಿಷಯ ತಿಳಿದು ಗಡಿಯಾರದಣ್ಣ ಬಂದು ಮೂಲೆಯ ಸ್ಟೂಲಿನಲ್ಲಿ ಕೂತ. ಎದ್ದು ಹೋಗುವಾಗ, "ನನ್ನ ಕೈ ಮುರಿದುಹೋಗ್ಬಾರ್ದಿತ್ತಾ" ಎಂದಷ್ಟೇ ಹೇಳಿದ.

ಸೊಸೆ ತವರಿಗೆ ಹೋಗಿದ್ದವಳು ಭಾನುವಾರ ಬಂದಳು. ಅವಳು ಗ್ರಂಥಾಲಯದ ಕಂಪ್ಯೂಟರ್ ಕೋಣೆಯಲ್ಲಿ ಕೆಲಸ ಮಾಡುವವಳು. ನಾನು ಹೇಳಿದ್ದನ್ನೆಲ್ಲ ಕೇಳಿ, "ಮಾವ, ಗುಡಿಸಿದ್ದು ಯಾವ ಬ್ರೌಸರ್?" ಅಂದಳು.

"ಯಾವುದು ಅಂದ್ರೆ? ಇಂಟರ್ನೆಟ್ ಒಂದೇ ಅಲ್ವೇನಮ್ಮಾ?"

"ಇಂಟರ್ನೆಟ್ ಒಂದೇ. ಅದನ್ನ ನೋಡೋ ಕಿಟಕಿಗಳು ಬೇರೆ ಬೇರೆ. ಆ ಕಿಟಕಿಗೇ ಬ್ರೌಸರ್ ಅನ್ನೋದು. ಒಂದು ಕಂಪ್ಯೂಟರ್‌ನಲ್ಲಿ ಎರಡು ಮೂರು ಇಟ್ಕೋಬಹುದು. ಈ ಕಿಟಕಿ ಹಲಗೆ ಮೇಲೆ ಇಟ್ಟ ಸಾಮಾನು ಆ ಕಿಟಕಿಗೆ ಬರಲ್ಲ. ಇದನ್ನ ಗುಡಿಸಿದ್ರೆ ಅದು ಗುಡಿಸಿ ಹೋಗಲ್ಲ. ಅತ್ತೆ ಇನ್ನೊಂದು ಇಟ್ಕೊಂಡಿದ್ರಾ?"

ಥಟ್ಟನೆ ನೆನಪಾಯಿತು. ಒಂದು ದಿನ ನಾನೇ ಅವಳನ್ನು ಛೇಡಿಸಿದ್ದೆ.

"ಇರೋದೊಂದು ಕಂಪ್ಯೂಟರ್, ಅದಕ್ಕೆ ಎರಡೆರಡು ಬ್ರೌಸರ್ ಅಂತೆ! ಒಂದು ತಲೆಗೆ ಎರಡು ಟೋಪಿ ಹಾಕಿದ ಹಾಗೆ" ಎಂದಿದ್ದೆ.

ಅವಳು ನನ್ನ ಮೇಜಿನ ಕಡೆ ಕೈ ತೋರಿಸಿದ್ದಳು. "ಅಲ್ಲೇನ್ರೀ ಎರಡು ಕತ್ತರಿ? ಮೊನ್ನೆ ನಾನು ಬಟ್ಟೆ ಕತ್ತರೀಲಿ ಒಂದು ಚೂರು ಕಾಗದ ಕತ್ತರಿಸಿದ್ದಕ್ಕೆ ಮನೆಗೆ ಬೆಂಕಿ ಬಿದ್ದ ಹಾಗೆ ಕೂಗಿದ್ರಿ. ಕಾಗದ ತಾಗಿದ್ರೆ ನಿಮ್ಮ ಕತ್ತರಿ ಮೊಂಡಾಗುತ್ತೆ. ನನಗೂ ಹಾಗೇ. ಬಂದು ಹೋಗೋರಿಗೆ, ಅರ್ಜಿಗೆ, ಗಿರಾಕಿಗೆ ಒಂದು. ನನ್ನ ತಂಗಿಗೆ, ನನ್ನ ದೇವರಿಗೆ ಇನ್ನೊಂದು. ಅದನ್ನ ಯಾರೂ ಮುಟ್ಟೋ ಹಾಗಿಲ್ಲ. ಬನ್ನಿ, ತೋರಿಸ್ತೀನಿ."

ನಾನು ನಕ್ಕು ಮತ್ತೆ ಮೆಷಿನ್ ತುಳಿಯತೊಡಗಿದ್ದೆ. ಮುಂದೆ ಕೇಳಲಿಲ್ಲ. ಎಲ್ಲಿಟ್ಟಿದ್ದಾಳೆ ಎಂದೂ ನೋಡಲಿಲ್ಲ.

ಸೊಸೆ ಪರದೆಯ ಮೇಲೆ ಹುಡುಕಲು ಶುರು ಮಾಡಿದಳು. ಅಲ್ಲಿ ಸಣ್ಣ ಸಣ್ಣ ಚಿತ್ರಗಳು ಸಂತೆಯ ಹಾಗೆ ತುಂಬಿದ್ದವು. ನಾನು ಅವಳ ಹಿಂದೆ ನಿಂತಿದ್ದೆ. ನನ್ನ ಕಣ್ಣು ಪರದೆಯ ಚೌಕಟ್ಟಿನ ಕೆಳಮೂಲೆಗೆ ಹೋಯಿತು. ಅಲ್ಲಿ ಉಗುರಿನಷ್ಟು ಕೆಂಪು ದಾರ, ಅಂಟುಪಟ್ಟಿ ಹಾಕಿ ಅಂಟಿಸಿದ್ದು. ದರ್ಜಿಯ ಮನೆಯಲ್ಲಿ ದಾರ ಎಲ್ಲಿ ಇರುವುದಿಲ್ಲ? ಅನ್ನದ ತಟ್ಟೆಯಲ್ಲೂ ಇರುತ್ತದೆ. ನಾನು ದಿನವೂ ಧೂಳು ಒರೆಸುವಾಗ ಅದನ್ನು ನೋಡಿದ್ದೆ. ಅವಳ ಕೈಯಿಂದ ಅಂಟಿದ್ದು, ಇರಲಿ ಎಂದು ಬಿಟ್ಟಿದ್ದೆ.

ನನ್ನ ಬಟ್ಟೆ ಕತ್ತರಿಯ ಹಿಡಿಗೆ ನಾನು ಕಟ್ಟುವುದೂ ಕೆಂಪು ದಾರವೇ. ಅದನ್ನು ಕಂಡರೆ ನಮ್ಮ ಮನೆಯಲ್ಲಿ ಯಾರೂ ಆ ಕತ್ತರಿ ಮುಟ್ಟುವುದಿಲ್ಲ.

"ಅಮ್ಮಾ, ಆ ಕೆಂಪು ದಾರದ ಮೇಲ್ಗಡೆ ಇರೋ ಚಿತ್ರ ಒತ್ತು" ಎಂದೆ.

ಒತ್ತಿದಳು. ಬೇರೆಯೇ ಕಿಟಕಿ ತೆರೆಯಿತು. ಹೆಸರು ಕೇಳಲಿಲ್ಲ, ಪಾಸ್‌ವರ್ಡ್ ಕೇಳಲಿಲ್ಲ. ತಾರೀಖಿನ ಸಾಲು ಸಾಲು, ಎರಡು ವರ್ಷದ ಬೆಳಗುಗಳು ಅಲ್ಲಿದ್ದವು. ಸೊಸೆ ಒಂದನ್ನು ಮುಟ್ಟಿದಳು.

ಮೊದಲು ಕೆಮ್ಮು. ಆಮೇಲೆ ಹಿಂದಿನಿಂದ ನನ್ನದೇ ಮೆಷಿನ್ನಿನ ಸದ್ದು. ಆಮೇಲೆ ಅವಳು.

"ಏನ್ರೀ, ಒಂದು ಗಳಿಗೆ ಮೆಷಿನ್ ನಿಲ್ಲಿಸ್ರೀ. ತಂಗಿಗೆ ಪ್ರಾರ್ಥನೆ ಕೇಳಿಸ್ಬೇಕು."

ಸದ್ದು ನಿಂತಿತು. ಅವಳು ಪ್ರಾರ್ಥನೆ ಹೇಳಿದಳು. ತಂಗಿಯ ಕಣ್ಣಿಗಾಗಿ ಬೇಡಿದಳು, ನನ್ನ ಬೆನ್ನುನೋವಿಗಾಗಿ ಬೇಡಿದಳು, ಎದುರಂಗಡಿಯ ಗಡಿಯಾರದಣ್ಣನಿಗೆ ಸ್ವಲ್ಪ ಬುದ್ಧಿ ಕೊಡು ದೇವರೇ ಎಂದೂ ಬೇಡಿದಳು.

ಅಷ್ಟರಲ್ಲಿ ಗಡಿಯಾರದಣ್ಣನೂ ಬಾಗಿಲಿಗೆ ಬಂದು ನಿಂತಿದ್ದ. "ಅತ್ತಿಗೆ ಬೇಡಿದ್ದು ದೇವರಿಗೆ ತಡವಾಗಿ ಕೇಳಿಸ್ತು ನೋಡು" ಎಂದು ಕಣ್ಣೊರೆಸಿಕೊಂಡ.

ಸೊಸೆ ಮೊದಲು ಎಲ್ಲ ಧ್ವನಿಗಳನ್ನೂ ಒಂದು ಪೆನ್‌ಡ್ರೈವಿಗೆ ಇಳಿಸಿಕೊಂಡಳು. "ಖಾತೇಲಿ ಇದೆ ಅಂತ ಅಷ್ಟಕ್ಕೇ ನೆಚ್ಕೊಂಡು ಕೂರ್ಬಾರ್ದು ಮಾವ" ಅಂದಳು. ಆಮೇಲೆ ಗಡಿಯಾರದಣ್ಣನ ಪ್ರಶ್ನೆಗಳು ಶುರುವಾದವು.

"ಅಲ್ಲಮ್ಮಾ, ಎರಡೆರಡು ಹಾಕಿದ್ರೆ ಕಂಪ್ಯೂಟರ್‌ಗೆ ಭಾರ ಆಗಲ್ವಾ?"

"ಇದ್ರೆ ಭಾರ ಇಲ್ಲ ಮಾಮ. ಎರಡನ್ನೂ ತೆರೆದು, ಒಂದೊಂದರಲ್ಲಿ ಇಪ್ಪತ್ತು ಪುಟ ಹರಡಿದ್ರೆ ಏದುಸಿರು ಬಿಡುತ್ತೆ. ಕೆಲಸ ಆದ ಮೇಲೆ ಮುಚ್ಚಿ."

"ಹಾಗಾದ್ರೆ ಎರಡು ಇದ್ರೆ ಕಳ್ಳರ ಭಯ ಇಲ್ಲ ಅನ್ನು."

"ಹಾಗೇನಿಲ್ಲ. ಇದು ಬೀಗ ಅಲ್ಲ, ಬರೀ ಬೇರೆ ಬೇರೆ ಗೂಡು. ಕಂಪ್ಯೂಟರ್ ಮುಂದೆ ಕೂತೋರು ಯಾವ ಗೂಡಿಗೂ ಕೈ ಹಾಕಬಹುದು. ಅದಕ್ಕೆ ಕಂಪ್ಯೂಟರ್‌ಗೇ ಒಂದು ಪಾಸ್‌ವರ್ಡ್ ಇರಬೇಕು. ಮೋಸದ ಪುಟ ಯಾವ ಕಿಟಕೀಲಿ ನೋಡಿದ್ರೂ ಮೋಸದ್ದೇ."

"ಮತ್ತೆ ಲಾಭ ಏನು?"

"ನಿಮ್ಮ ಈಮೇಲ್‌ಗೆ ಯಾರ ಹೊಟ್ಟೆ ಅಳತೆಯೂ ಬರಲ್ಲ, ಅದೇ ಲಾಭ!" ಎಂದು ನಕ್ಕಳು. "ಇನ್ನೊಂದು ಇದೆ. ಹಿಂದೊಮ್ಮೆ ನಮ್ಮ ಗ್ರಂಥಾಲಯದಲ್ಲಿ ಒಬ್ರಿಗೆ ಒಂದು ಬ್ರೌಸರ್‌ನಲ್ಲಿ ಅರ್ಜಿಯ ಪುಟ ತೆರೀಲೇ ಇಲ್ಲ. ಕೊನೇ ದಿನ, ಅಳೋ ಹಾಗಾಗಿದ್ರು. ಇನ್ನೊಂದರಲ್ಲಿ ನೋಡಿದ್ವಿ, ತೆರೀತು."

ಆ ವಾರವೇ ಗಡಿಯಾರದಣ್ಣ ತನ್ನ ಅಂಗಡಿಯ ಕಂಪ್ಯೂಟರಿನಲ್ಲೂ ಸೊಸೆಯಿಂದ ಎರಡನೆಯ ಬ್ರೌಸರ್ ಹಾಕಿಸಿಕೊಂಡ. ಗುರುತಿಗೆ ಒಂದು ಚೂರು ಕೆಂಪು ದಾರ ಕೇಳಿ ಪಡೆದ. ನನ್ನ ಮಗ ತನ್ನ ಅಮ್ಮನ ಬ್ರೌಸರನ್ನು ಹಾಗೇ ಉಳಿಸಿ, ತನ್ನ ಕಚೇರಿ ಕೆಲಸಕ್ಕೆ ಬೇರೆಯದು ಮಾಡಿಕೊಂಡ. ನಾದಿನಿಗೆ ಈಗ ದಿನಕ್ಕೊಂದು ಧ್ವನಿ ಹೋಗುತ್ತದೆ. "ಒಂದು ಸಾಕು ಅಂದಿದ್ದೆ ಭಾವ, ಸುಳ್ಳು ಹೇಳಿದ್ದೆ" ಎಂದು ಅವಳು ಅತ್ತಳು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಮನೆಗೊಂದೇ ಕಂಪ್ಯೂಟರ್ ಇದ್ದು ನಾಲ್ಕು ಕೈ ಅದನ್ನು ಮುಟ್ಟುತ್ತಿದ್ದರೆ ಇಂದೇ ಎರಡನೆಯ ಬ್ರೌಸರ್ ಹಾಕಿಸಿ. ಅದನ್ನು ತಯಾರಿಸಿದವರ ಸ್ವಂತ ಪುಟದಿಂದಲೇ ಇಳಿಸಿಕೊಳ್ಳಿ, ಯಾರೋ ಕಳಿಸಿದ ಲಿಂಕಿನಿಂದ ಬೇಡ. ಯಾವುದು ಯಾತಕ್ಕೆ ಎಂದು ಮನೆಯವರೆಲ್ಲ ಕೂತು ತೀರ್ಮಾನಿಸಿ. ಬ್ರೌಸರಿಗೆ ಹೊಸ ರೂಪ, ಅಂದರೆ ಅಪ್‌ಡೇಟ್, ಬಂದಾಗ ಎರಡಕ್ಕೂ ಹಾಕಿಸಿ. ಪರರ ಕಂಪ್ಯೂಟರಿನಲ್ಲಿ ನಿಮ್ಮ ಖಾತೆ ತೆರೆದರೆ ಮುಚ್ಚಿಯೇ ಏಳಿ. ಅಳಿಸುವ ಮುನ್ನ ಏನನ್ನು ಅಳಿಸುತ್ತಿದ್ದೀರಿ ಎಂದು ಪ್ರತಿ ಸಾಲನ್ನೂ ಓದಿ. ನನ್ನ ಹಾಗೆ "ಹೂಂ" ಅನ್ನಬೇಡಿ. ಬೆಲೆಯುಳ್ಳದ್ದು ಇನ್ನೊಂದು ಕಡೆಯೂ ಇರಲಿ. ಪಾಸ್‌ವರ್ಡನ್ನು ಬರೆದು, ಲಕೋಟೆಯಲ್ಲಿಟ್ಟು, ನಿಮ್ಮ ನಂತರ ಯಾರು ತೆರೆಯಬೇಕು ಎಂದು ಒಬ್ಬರಿಗಾದರೂ ಹೇಳಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯಾಕೆ ಏನಾದರೂ ತೋರಿಸಲು ಕರೆದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಹೋಗಿ ನೋಡಿ.

ನಿನ್ನೆ ಬೆಳಿಗ್ಗೆ ಅವಳ ದನಿ ಕೇಳುತ್ತಾ ಬಲತೋಳು ಕೂಡಿಸಿದೆ. ಮಧ್ಯೆ ಅವಳು "ಮೆಷಿನ್ ನಿಲ್ಲಿಸ್ರೀ" ಎಂದಾಗ ನಿಲ್ಲಿಸಿದೆ. ಪ್ರಾರ್ಥನೆ ಮುಗಿದ ಮೇಲೆ ಮತ್ತೆ ಹೊಲಿದೆ. ಕೋಟು ತೊಟ್ಟು ಬಾಗಿಲಲ್ಲಿ ನಿಂತೆ.

ಭಗವಂತಾ, ಎರಡು ವರ್ಷ ಪ್ರತಿ ಬೆಳಿಗ್ಗೆ ಅವಳು ನಮಗಾಗಿ ನಿನ್ನನ್ನು ಬೇಡಿದಳು. ಇಂದು ನಾನು ಅವಳಿಗಾಗಿ ಬೇಡುತ್ತೇನೆ. ದಣಿದು ಬಂದಿದ್ದಾಳೆ, ನಿನ್ನ ಮಡಿಲಲ್ಲಿ ಅವಳಿಗೆ ವಿಶ್ರಾಂತಿ ಕೊಡು. ಅವಳ ಆತ್ಮ ಶಾಂತವಾಗಿರಲಿ.