ತಿರುಗಿ ಬರದ ಮಾತು

ಹಿಂದೆ ತಮ್ಮ ಕೈಕೆಳಗೆ ದುಡಿದ ಹುಡುಗ ಶಿಳ್ಳೆ ಸತ್ತ ಸುದ್ದಿ ಬಂದಾಗ ಮೇಸ್ತ್ರಿ ಲಿಫ್ಟಿನ ನೆತ್ತಿಯ ಮೇಲೆ ನಿಂತು ಉಕ್ಕಿನ ಹಗ್ಗಕ್ಕೆ ಎಣ್ಣೆ ಸವರುತ್ತಿದ್ದರು. ಹೊಸ ಜೊತೆಗಾರ ಮೇಲಿನಿಂದ ಬಗ್ಗಿ, ಶಿಳ್ಳೆ ಆಮೇಲೆ ಸೇರಿದ್ದ ಇನ್ನೊಂದು ಕಂಪನಿಯಲ್ಲಿ ಬೆಳಿಗ್ಗೆ ಹೀಗಾಯಿತಂತೆ ಎಂದು ತಿಳಿಸಿದ. ಮೇಸ್ತ್ರಿ ಎಣ್ಣೆಬಟ್ಟೆಯನ್ನು ಮಡಿಸಿ ಜೇಬಿಗಿಟ್ಟರು. ಆಮೇಲೆ ಮತ್ತೆ ತೆಗೆದು, ಸವರಿದ ಹಗ್ಗವನ್ನೇ ಸವರತೊಡಗಿದರು.

ಆದದ್ದಿಷ್ಟು. ಶಿಳ್ಳೆ ಲಿಫ್ಟಿನ ಮೇಲೆ ನಿಂತು ಗೋಡೆಯ ಕಡೆ ಬಗ್ಗಿದವನು "ತಡಿ" ಎಂದು ಕೂಗಿದ. ಸ್ವಿಚ್ಚಿನ ಬಳಿ ಇದ್ದವನಿಗೆ ಅದು "ನಡಿ" ಎಂದು ಕೇಳಿಸಿತು; ಅವನು ಲಿಫ್ಟ್ ಬಿಟ್ಟ, ಶಿಳ್ಳೆ ಕೆಳಕ್ಕೆ ಬಿದ್ದ. ಲಿಫ್ಟ್ ಏರಿಳಿಯುವ ಬಾವಿಯಲ್ಲಿ ಮಾತಿನ ತಲೆ ಗೋಡೆಗೆ ಬಡಿದು ಸತ್ತುಹೋಗುತ್ತದೆ, ಬಾಲ ಮಾತ್ರ ಮೇಲೇರುತ್ತದೆ. ಅದಕ್ಕೇ ಮೇಸ್ತ್ರಿ ತಮ್ಮ ಕೈಕೆಳಗಿನವರ ಬಾಯಿಂದ ಆ ಎರಡು ಮಾತನ್ನೂ ಬಿಡಿಸಿದ್ದರು. ನಿಲ್ಲಿಸಲು "ನಿಲ್ಲು" ಅನ್ನಬೇಕು, ಓಡಿಸಲು "ಬಿಡು" ಅನ್ನಬೇಕು. ಕೇಳಿಸಿಕೊಂಡವನು ಅದೇ ಮಾತನ್ನು ತಿರುಗಿ ಹೇಳಬೇಕು. ಅದು ತಿರುಗಿ ಬರುವ ತನಕ ಯಾರೂ ಕೈ ಆಡಿಸಬಾರದು. ಆ ಕಂಪನಿಯಲ್ಲಿ ಇಂಥ ಕಟ್ಟುಪಾಡು ಇರಲಿಲ್ಲ.

ಇಡೀ ದಿನ ಆ ಬಾವಿಯೊಳಗೆ ಶಿಳ್ಳೆ ಹಾಕುತ್ತ ಕೆಲಸ ಮಾಡುತ್ತಿದ್ದುದರಿಂದ ಅವನಿಗೆ ಆ ಹೆಸರು. ಮೊದಲ ದಿನ ಕೆಲಸಕ್ಕೆ ಕರೆತಂದ ಅವನ ತಾಯಿ ಮೇಸ್ತ್ರಿಯನ್ನು ಅಣ್ಣಾ ಎಂದು ಕರೆದಿದ್ದಳು. ಅಮ್ಮನಿಗೆ ಅಣ್ಣನಾದರೆ ತನಗೆ ಮಾವನೆಂದು ಇವನು ಅಂದೇ ತೀರ್ಮಾನಿಸಿದ. ಮಾವ ಅನ್ನಿಸಿಕೊಂಡವರು ಮಗಳನ್ನು ಕೊಡಬೇಕಿತ್ತು, ಬರೀ ಬೈಗುಳ ಕೊಡುತ್ತಾರೆ ಎಂದು ಎಲ್ಲರೆದುರಿಗೂ ದೂರುತ್ತಿದ್ದ.

ರಜೆಯ ಸಂಜೆ ಗೆಳೆಯರ ಜೊತೆ ಮಹಡಿ ಹತ್ತಿ ಗಾಂಜಾ ಸೇದುವ ಚಾಳಿ ಅವನಿಗಿತ್ತು. ಮುಚ್ಚಿಟ್ಟವನಲ್ಲ. ಪ್ರಾರ್ಥನೆ ಮಾಡದೆ ತುತ್ತು ಮುಟ್ಟದ ಮೇಸ್ತ್ರಿಗೆ ಅದು ಕಣ್ಣಿನ ಕಸ.

"ಆ ಹೊಗೆ ಕುಡಿದ ಬಾಯಲ್ಲಿ ದೇವರ ಹೆಸರು ಬರುತ್ತೇನೋ?"

"ಬರುತ್ತೆ ಮಾವ. ಸ್ವಲ್ಪ ನಿಧಾನವಾಗಿ ಬರುತ್ತೆ."

ಆದರೆ ಕೆಲಸದ ದಿನ ಅವನ ಕಣ್ಣು ತಿಳಿನೀರು. ಒಮ್ಮೆ ನೆಗಡಿಯ ಔಷಧಿ ಕುಡಿದು ಬಂದ ಮೇಸ್ತ್ರಿಯೇ ಸ್ವಿಚ್ಚಿನ ಪಕ್ಕ ತೂಕಡಿಸಿದ್ದರು. ಕೆಳಗಿನಿಂದ "ಬಿಡು" ಎಂದು ಕೂಗಿದ ಶಿಳ್ಳೆ, ಮಾತು ತಿರುಗಿ ಬಾರದ್ದರಿಂದ ಕೈ ಕಟ್ಟಿ ನಿಂತ; ಆಮೇಲೆ ಮೆಟ್ಟಿಲು ಹತ್ತಿ ಬಂದು ಅವರನ್ನು ಎಬ್ಬಿಸಿದ. ಯಾರಿಗೂ ಹೇಳಲಿಲ್ಲ. ಮೇಸ್ತ್ರಿಯನ್ನು ಅದರ ಬಗ್ಗೆ ಛೇಡಿಸಲೂ ಇಲ್ಲ.

ಕಂಪನಿಯವರು ಎಲ್ಲರ ಮೂತ್ರ ಪರೀಕ್ಷೆ ಮಾಡಿಸಿದ ವರ್ಷ ಅವನು ಸಿಕ್ಕಿಬಿದ್ದ. ಮ್ಯಾನೇಜರ್ ಮೇಸ್ತ್ರಿಯನ್ನು ಒಳಗೆ ಕರೆದು ಕುರ್ಚಿ ಕೊಟ್ಟರು. ಹುಡುಗ ಒಳ್ಳೆಯ ಕೆಲಸಗಾರನೆಂದು ಅವರಿಗೂ ಗೊತ್ತಿತ್ತು, ಕಳೆದುಕೊಳ್ಳುವ ಮನಸ್ಸಿರಲಿಲ್ಲ.

"ರಜೆಯಲ್ಲಿ ಸೇದಿದ್ದೋ ಕೆಲಸಕ್ಕೆ ಬರೋವಾಗ ಸೇದಿದ್ದೋ, ಪರೀಕ್ಷೆ ಅದನ್ನ ಹೇಳಲ್ಲ ಮೇಸ್ತ್ರಿ. ನೀವು ಹೇಳಬೇಕು. ಕೆಲಸದಲ್ಲಿ ಯಾವತ್ತಾದರೂ ಅಮಲಲ್ಲಿ ಇದ್ದನಾ? ಇಲ್ಲ ಅಂದ್ರೆ ಒಂದು ಎಚ್ಚರಿಕೆ ಕೊಟ್ಟು ಬಿಟ್ಟುಬಿಡ್ತೀನಿ."

'ಇಲ್ಲ' ಎಂಬ ಮಾತು ಮೇಸ್ತ್ರಿಯ ನಾಲಗೆಯ ತುದಿಗೆ ಬಂದಿತ್ತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಒಂದು ಪೆಟ್ಟು ಬೀಳಲಿ, ನಾಲ್ಕು ದಿನ ಮನೆಯಲ್ಲಿ ಕೂತರೆ ಬುದ್ಧಿ ಬಂದೀತು, ಆ ಹೊಗೆ ಬಿಟ್ಟಾನು.

"ನನಗೆ ಗೊತ್ತಿಲ್ಲ ಸಾರ್," ಎಂದರು.

ಶಿಳ್ಳೆಯ ಕೆಲಸ ಹೋಯಿತು. ಹಾಗೆ ಹೋದವನನ್ನು ಕರೆದುಕೊಳ್ಳಲು ಕಟ್ಟುಪಾಡಿಲ್ಲದ ಅಂಥದೊಂದು ಕಂಪನಿಯೇ ಬೇಕಾಯಿತು.

ಸಾವಿನ ಸುದ್ದಿ ಬಂದ ದಿನ ಮಧ್ಯಾಹ್ನ ಮೇಸ್ತ್ರಿ ಅವನ ಮನೆಗೆ ಹೋದರು. ಅವನ ತಾಯಿ ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿದು ಬದುಕಿದವಳು. ಅರ್ಧ ಹೊಲಿದ ಅಂಗಿ ಇನ್ನೂ ಮಡಿಲಲ್ಲೇ ಇತ್ತು, ಸೂಜಿ ಬಟ್ಟೆಯಲ್ಲೇ ಸಿಕ್ಕಿಕೊಂಡಿತ್ತು. ಬಂದವರೆಲ್ಲ ಅಮಲಲ್ಲಿ ಬಿದ್ದ ಎಂದು ಬಾಗಿಲಲ್ಲೇ ಪಿಸುಗುಟ್ಟಿ ಹೋಗಿದ್ದರು.

"ನೀವು ಹೇಳಿ ಅಣ್ಣಾ. ಕೆಲಸದ ಹೊತ್ತಲ್ಲಿ ಅವನು ಹಾಗೆ ಇದ್ದದ್ದುಂಟಾ?"

"ಇಲ್ಲ ತಂಗಿ. ಒಂದು ದಿನಾನೂ ಇಲ್ಲ."

ಅವಳು ತಲೆಯಾಡಿಸಿದಳು. "ಅವನೂ ಹಾಗೇ ಅಂತಿದ್ದ. ಮಾವ ಆಫೀಸಲ್ಲಿ ನನ್ನ ಪರವಾಗೇ ಮಾತಾಡಿರ್ತಾರೆ, ಅವರ ಮಾತು ನಡೀಲಿಲ್ಲ ಅಷ್ಟೆ ಅಂತಿದ್ದ."

ಸುಮ್ಮನಿದ್ದರೆ ಆಗುತ್ತಿತ್ತು. ಆ ಮನೆಯಲ್ಲಿ ಅವರು ಎಂದೆಂದಿಗೂ ಅಣ್ಣನಾಗಿಯೇ ಉಳಿಯುತ್ತಿದ್ದರು. ಮೇಸ್ತ್ರಿ ನೆಲದ ಮೇಲಿನ ದಾರದ ತುಂಡುಗಳನ್ನು ನೋಡುತ್ತ ಕುಳಿತರು.

"ನಾನು ಮಾತಾಡಲಿಲ್ಲ, ತಂಗಿ. ಕೇಳಿದ್ರು. ಗೊತ್ತಿಲ್ಲ ಅಂದುಬಿಟ್ಟೆ."

"ಗೊತ್ತಿರಲಿಲ್ವಾ?"

"ಗೊತ್ತಿತ್ತು."

ಅವಳು ಬಟ್ಟೆಯಿಂದ ಸೂಜಿ ಕಿತ್ತು ಬೆರಳಲ್ಲಿ ಹಿಡಿದಳು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ, "ಹಿರಿಯರು ಅಂತ ಬಂದಿದ್ದೀರಿ. ಅವನಿಗೋಸ್ಕರ ಪ್ರಾರ್ಥನೆ ಮಾಡಿ," ಎಂದಳು. ಅಣ್ಣಾ ಎನ್ನಲಿಲ್ಲ.

ಮೇಸ್ತ್ರಿ ಎದ್ದು ನಿಂತು ಕೈ ಜೋಡಿಸಿದರು. ಉಗುರಿನ ಸಂದಿಯಲ್ಲಿ ಎಣ್ಣೆ ಇನ್ನೂ ಕಪ್ಪಗಿತ್ತು.

"ದೇವರೇ, ಈ ಮಗುವಿಗೆ ಶಾಂತಿ ಕೊಡು," ಎಂದರು.

ಲಿಫ್ಟಿನ ಕೆಲಸದ ರೂಢಿಯಂತೆ ಕಿವಿಗೊಟ್ಟು ಕಾದರು. ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಮಾತು ತಿರುಗಿ ಬರಲಿಲ್ಲ. ಜೋಡಿಸಿದ ಕೈಯನ್ನು ಅವರು ಇಳಿಸಲೂ ಇಲ್ಲ.

"ದೇವರೇ," ಎಂದು ಮತ್ತೆ ಮೊದಲಿನಿಂದ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು, "ಈ ಮಗುವಿಗೆ ಶಾಂತಿ ಕೊಡು."