ನೆನೆದ ಮಣ್ಣಿನ ಭಾರ

ಮೇಸ್ತ್ರಿಯ ಹಣೆಯ ಮೇಲೆ ಉದುರಿದ ಬಿಳಿ ಪುಡಿಯನ್ನು ಅವನ ಹೆಂಡತಿ ಮೂರನೇ ಸಲ ಒರೆಸಿದಳು. ಗಂಡನ ಹಣೆ ಸವರುತ್ತಿದ್ದಾಳೆಂದು ನೋಡಿದವರು ಕಣ್ಣೀರಿಟ್ಟರು. ಅವಳ ಕಣ್ಣು ಮಾತ್ರ ಚಾವಣಿಯ ಬಿರುಕಿನ ಮೇಲಿತ್ತು. ಅವನ ಶವ ಮಲಗಿಸಿದ್ದ ಮಂಚದ ತಲೆಯಿಂದ ಕಾಲಿನವರೆಗೂ ಅದು ನೆಟ್ಟಗೆ ಹಾದುಹೋಗಿತ್ತು. ಅದರ ಮೇಲ್ಗಡೆ, ತಾರಸಿಯಲ್ಲಿ, ಅವನ ತರಕಾರಿ ಮಡಿ.

ಯಾರೋ ಮೇಲೆ ನಡೆದಾಡಿದ ಸದ್ದಾಯಿತು. ಅವಳು ಮಗಳತ್ತ ತಿರುಗಿದಳು.

"ಯಾರದು ಮೇಲೆ? ಕೆಳಗೆ ಬರೋಕೆ ಹೇಳು."

"ಚಿಕ್ಕಪ್ಪ, ಅಮ್ಮ. ಅಪ್ಪನ ಬದನೆ ಗಿಡ ನೋಡ್ತಿದ್ದಾರೆ," ಎಂದಳು ಮಗಳು. "ನೋಡಲಿ ಬಿಡು."

"ಹೇಳು ಅಂದ್ನಲ್ಲ."

*

ಮಂಡಿ ಬಗ್ಗದಂತಾದ ವರ್ಷ ಮೇಸ್ತ್ರಿ ಆ ಮಡಿ ಕಟ್ಟಿದ್ದ. ಸುತ್ತ ಸೊಂಟದೆತ್ತರ ಇಟ್ಟಿಗೆ, ಒಳಗೆ ಅರವತ್ತು ಚೀಲ ಮಣ್ಣು, ಗೊಬ್ಬರ. ನಿಂತೇ ಕಳೆ ಕೀಳಬಹುದೆಂದು ಮಗುವಿನ ಹಾಗೆ ಹಿಗ್ಗಿದ್ದ.

"ಇಷ್ಟು ಭಾರ ತಡೆಯುತ್ತಾ ರೀ?"

"ನಲವತ್ತು ವರ್ಷ ಊರವರ ಮನೆ ಕಟ್ಟಿದ್ದೀನಿ. ನನಗೇ ಪಾಠ ಹೇಳ್ತೀಯಾ? ಲೆಕ್ಕ ಹಾಕೇ ಕಟ್ಟಿರೋದು."

ಮೊದಲ ಹೂ ಬಿಟ್ಟ ವಾರ, ಮಲಗುವ ಕೋಣೆಯ ಚಾವಣಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಅವನು ಏಣಿ ಹತ್ತಿ, ಬಿರುಕಿಗೆ ಅಡ್ಡಲಾಗಿ ಬೆರಳುದ್ದದ ಗಾಜಿನ ಪಟ್ಟಿ ಅಂಟಿಸಿದ. ಏನದು ಎಂದರೆ "ಸುಮ್ನಿರು" ಎಂದ. ಅವತ್ತೇ ಅವಳ ಹಾಸಿಗೆಯನ್ನು, ಒಬ್ಬರು ಮಲಗುವಷ್ಟೇ ಜಾಗವಿದ್ದ ಅಡುಗೆಮನೆಗೆ ಸಾಗಿಸಿದ.

"ನಿನ್ನ ಗೊರಕೆಗೆ ನಿದ್ದೆ ಬರಲ್ಲ ಕಣೆ."

ಅವಳು ಮೂರು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಈ ದಿನ ಬೆಳಗ್ಗೆ ಕಾಫಿ ತಂದಾಗ ಅವನು ಎದೆಯ ಮೇಲೆ ಕೈಯಿಟ್ಟುಕೊಂಡು ತಣ್ಣಗಾಗಿದ್ದ.

*

ಅವನ ಜೊತೆ ಇಪ್ಪತ್ತು ವರ್ಷ ದುಡಿದ ಗಾರೆಯವನು ಬಂದ. ಮಂಚದ ಪಕ್ಕ ನಿಂತು ಅತ್ತು, ತಲೆಯೆತ್ತಿದ. ಚಾವಣಿಯತ್ತ ಬೆರಳು ತೋರಿದ.

"ಅತ್ತಿಗೆ, ಆ ಗಾಜು ಯಾವಾಗ ಒಡೀತು?"

ಪಟ್ಟಿ ಎರಡು ತುಂಡಾಗಿತ್ತು. "ನಿನ್ನೆ ಸರಿಯಾಗಿತ್ತಲ್ಲ. ಯಾಕಪ್ಪ?"

"ಬಿರುಕು ಬೆಳೆದ್ರೆ ಅದು ಒಡೆಯುತ್ತೆ. ಅದಕ್ಕೇ ಅಂಟಿಸೋದು." ಅವನು ದನಿ ತಗ್ಗಿಸಿದ. "ಅಣ್ಣ ಒಣ ಮಣ್ಣಿನ ಭಾರ ಲೆಕ್ಕ ಹಾಕಿದ್ದ. ನೀರು ಕುಡಿದ ಮೇಲಿನದು ಮರೆತಿದ್ದ. ಒಂದು ಸಲ ಬದನೆ ಕೊಯ್ದುಬಿಡೋಣ, ಆಮೇಲೆ ಮಣ್ಣು ಇಳಿಸೋಣ, ಯಾರಿಗೂ ಹೇಳಬೇಡ ಅಂದ. ಅವಳನ್ನ ಅಡುಗೆಮನೇಲಿ ಮಲಗಿಸಿದೀನಿ, ಭಯ ಇಲ್ಲ ಅಂತಿದ್ದ."

ಅವಳು ಗಂಡನ ಮುಖ ನೋಡಿದಳು. ಆ ಮನೆಯಲ್ಲಿ ಗೊರಕೆ ಹೊಡೆಯುವವನು ಯಾವತ್ತೂ ಅವನೇ.

"ಎಲ್ಲರೂ ಹೊರಗೆ ನಡೀರಿ," ಎಂದ ಗಾರೆಯವನು. "ಓಡಬೇಡಿ, ಮೆಲ್ಲಗೆ."

ಜನ ಬಾಗಿಲಿಗೆ ಮುಗಿಬಿದ್ದರು. ಮಗಳು ಅವಳ ತೋಳು ಹಿಡಿದೆಳೆದಳು.

"ಮೊದಲು ಅವರನ್ನ ಎತ್ತಿ."

"ಅಪ್ಪನಿಗೆ ಇನ್ನೇನಾಗುತ್ತಮ್ಮ? ನೀನು ಬಾ."

"ಮೈಮೇಲೆ ಬಿದ್ರೆ ನೋವಾಗುತ್ತೆ."

ಗಾರೆಯವನೂ ಇನ್ನು ಮೂವರೂ ಮಂಚದ ಸಮೇತ ಅವನನ್ನು ಎತ್ತಿದರು. ಮೇಲಿನಿಂದ ಮತ್ತಷ್ಟು ಪುಡಿ ಉದುರಿತು. ಹೊಸ್ತಿಲು ದಾಟುವವರೆಗೂ ಅವಳು ಎರಡು ಅಂಗೈಗಳನ್ನೂ ಅವನ ಮುಖದ ಮೇಲೆ ಹರವಿ ಹಿಡಿದು, ಪಕ್ಕದಲ್ಲೇ ನಡೆದಳು.