ಹೊರದೇಶದ ಖರ್ಜೂರ

ಈ ಟೊಮೇಟೊ ಟರ್ಕಿಯದು, ಮುಟ್ಟಿದರೆ ಸಾಕು ಗೊತ್ತಾಗುತ್ತದೆ, ಎಲ್ಲವೂ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗೆ, ಮೂಗಿಗೆ ಹಿಡಿದರೆ ತೊಳೆದಿಟ್ಟ ತಟ್ಟೆಯ ವಾಸನೆ, ಪಕ್ಕದ ಬುಟ್ಟಿಯದು ಇರಾನಿನದು, ಮೆತ್ತಗೆ, ಒಂದು ಕಡೆ ಬಿರಿದಿದೆ, ಆದರೂ ಟೊಮೇಟೊ ಅನ್ನಿಸಿಕೊಳ್ಳುವ ಮರ್ಯಾದೆ ಉಂಟು ಅದಕ್ಕೆ, ಬದ್ರಿಯಾ ಇರಾನಿನದನ್ನೇ ಆರಿಸಿ ಚೀಲಕ್ಕೆ ಹಾಕಿದಳು, ಮತ್ತೆ ಹೊರಗೆ ತೆಗೆದಳು, ಯಾಕೆ ಹಾಕಬೇಕು, ಯಾರಿಗೆ, ತೋಟ ಕೊಳ್ಳಲು ಬಾಗ್ದಾದಿನಿಂದ ಬರುವವನಿಗೆ ಸಾರು ರುಚಿಯಾಗಲಿ ಎಂದೇ, ಅವನು ಟರ್ಕಿಯದನ್ನೇ ತಿನ್ನಲಿ, ತೊಳೆದ ತಟ್ಟೆ ನೆಕ್ಕಲಿ. ತಮ್ಮ ಚಾಸಿಬ್ ಅಂಗಡಿಯ ಹೊರಗೆ ಕಾರಿನಲ್ಲಿ ತಂಪು ಗಾಳಿ ಹಾಕಿಕೊಂಡು ಕೂತಿದ್ದಾನೆ, ಬಸ್ರಾದ ಆಗಸ್ಟ್ ಬಿಸಿಲು ಅಕ್ಕನಿಗೆ ಇರಲಿ, ಅವನಿಗೆ ಬೇಡ, ಬೇಗ ಬಾ ಅಕ್ಕ, ಮನುಷ್ಯ ಮಧ್ಯಾಹ್ನಕ್ಕೆಲ್ಲ ಬಂದ್‌ಬಿಡ್ತಾನೆ, ನಿನ್ನ ಕೈ ಮೀನು ಉಂಡ್ರೆ ಚೌಕಾಸಿ ಮಾಡೋದೇ ಮರೀತಾನೆ, ಊಟ ಆದ್ಮೇಲೆ ನೀನೊಂದು ಸಹಿ ಹಾಕ್ಬಿಡು, ಮುಗೀತು. ಮುಗೀತಂತೆ. ಊರಾಚೆ ಅಬುಲ್ ಖಸೀಬಿನ ಕಾಲುವೆ ದಂಡೆಯ ಬರ್ಹಿ ಖರ್ಜೂರದ ತೋಟ, ಅಪ್ಪ ಇಬ್ಬರ ಹೆಸರಿಗೂ ಬಿಟ್ಟುಹೋದದ್ದು, ಅವಳು ನಡೆಯಲು ಕಲಿತದ್ದೇ ಆ ಮರಗಳ ಬುಡ ಹಿಡಿದುಕೊಂಡು, ಅದು ಮೀನೂಟದ ಮೇಲೆ ಕೈ ತೊಳೆಯುವಷ್ಟರಲ್ಲಿ ಮುಗಿಯುತ್ತದಂತೆ, ಅಲ್ಲಿ ಮದುವೆ ಛತ್ರ ಏಳುತ್ತದಂತೆ.

ಅಕ್ಕಿ, ಅಕ್ಕಿ ಬೇಕು, ಇಲ್ಲಿ ನೋಡಿದರೆ ಗೋಡೆಯುದ್ದಕ್ಕೂ ಭಾರತದ ಬಾಸುಮತಿ, ಉದ್ದುದ್ದ, ಬಿಡಿಬಿಡಿ, ನೋಡಲು ಚೆಂದ, ಬಾಯಿಗೆ ಹಾಕಿದರೆ ಒಂದಕ್ಕೊಂದು ಮಾತು ಬಿಟ್ಟ ನೆಂಟರ ಹಾಗೆ, ನಮ್ಮ ಅಂಬರ್ ಅಕ್ಕಿ ಗಿಡ್ಡ, ಕುಳ್ಳ, ಆದರೆ ಬೇಯಲು ಇಟ್ಟರೆ ಮೂರನೇ ಮನೆಯವರು ಬಾಗಿಲು ತೆಗೆದು ನೋಡುತ್ತಿದ್ದರು, ಅದೆಲ್ಲಿದೆ, ಕೆಳಗಿನ ಸಾಲಿನಲ್ಲಿ, ಧೂಳು ಹಿಡಿದು, ಮೊಸರು ಇರಾನಿನದು, ಮೊಟ್ಟೆ ಟರ್ಕಿಯದು, ಕಿತ್ತಳೆ ಈಜಿಪ್ಟಿನದು, ಚಹಾ ಸಿಲೋನಿನದು, ಅದು ಇರಲಿ, ಚಹಾ ನಾವು ಯಾವತ್ತೂ ಬೆಳೆದವರಲ್ಲ, ಆದರೆ ಇದೇನು ಈ ಸೀಸೆ, ಖರ್ಜೂರದ ಪಾಕ, ದಿಬಿಸ್, ಹಿಂದೆ ಬರೆದದ್ದು ಓದಿದರೆ ಹಾಲೆಂಡಿನಲ್ಲಿ ತುಂಬಿದ್ದು, ಹಾಲೆಂಡಿನಲ್ಲಿ, ಹಿಮ ಬೀಳುವ ಊರಿನಲ್ಲಿ, ಖರ್ಜೂರದ ಮರವನ್ನು ಚಿತ್ರದಲ್ಲಿ ಬಿಟ್ಟರೆ ಕಾಣದವರು ಬಸ್ರಾದವರಿಗೆ ದಿಬಿಸ್ ಕಳಿಸುತ್ತಾರೆ, ಮತ್ತು ಬಸ್ರಾದ ಹೆಂಗಸು ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಾಳೆ. ಸೀಸೆಯನ್ನು ಕುಕ್ಕಿ ಇಟ್ಟಳು. ಚಳಿಗಾಲದ ಬೆಳಗ್ಗೆ ಅಮ್ಮ ದಿಬಿಸ್ ಮೇಲೆ ಎಳ್ಳಿನ ಬೆಣ್ಣೆ ಸುರಿಯುತ್ತಿದ್ದಳು, ಕಲಸಬ್ಯಾಡ ಪುಟ್ಟಿ, ಹಂಗೇ ರೊಟ್ಟಿ ಅದ್ದು, ಕಪ್ಪು ಬೇರೆ ಬಿಳಿ ಬೇರೆ ಬಾಯಲ್ಲಿ ಸೇರ್ಬೇಕು, ರೊಟ್ಟಿಯ ಒಲೆ ಮುಂದೆ ಬಗ್ಗಿದ ಅಮ್ಮ, ಆ ನೀಲಿ ಅಂಗಿ, ಮಡಿಲ ಮೇಲೆ ಕಿಡಿ ಹಾರಿ ಸುಟ್ಟ ತೂತು, ನೀಲಿ ದಾರ ಸಿಗಲಿಲ್ಲವೆಂದು ಕೆಂಪು ದಾರದಲ್ಲೇ ಹೊಲಿದುಕೊಂಡಿದ್ದಳು, ಜನ ಏನಂತಾರಮ್ಮ ಅಂದರೆ, ಏನಂತಾರೆ, ಬದ್ರಿಯಾಳ ಅಮ್ಮನಿಗೆ ಹೊಟ್ಟೆ ಮೇಲೆ ದಾಳಿಂಬೆ ಬಿಟ್ಟಿದೆ ಅಂತಾರೆ.

ಅಮ್ಮ ಹೋದದ್ದು ಕಳೆದ ಚಳಿಗಾಲ. ಅಂಗಿಯನ್ನು ಯಾರಿಗೂ ಕೊಡಲು ಮನಸ್ಸು ಬರಲಿಲ್ಲ, ಕೈಯಾರೆ ಹರಿದಳು ಬದ್ರಿಯಾ, ಉದ್ದುದ್ದ ಪಟ್ಟಿ, ಗೊನೆ ಕಟ್ಟಲು, ಪಕ್ಕದ ತೋಟದವರು ನೈಲಾನ್ ಹಗ್ಗದಲ್ಲಿ ಕಟ್ಟುತ್ತಾರೆ, ಅಮ್ಮನಿಗೆ ಅದು ಆಗುತ್ತಿರಲಿಲ್ಲ, ಗೊನೆ ತೂಕ ಬಂದಾಗ ಹಗ್ಗ ತೊಟ್ಟು ಕೊಯ್ಯುತ್ತೆ, ಉಟ್ಟು ಹಳೇದಾದ ಬಟ್ಟೆ ಕೊಯ್ಯಲ್ಲ, ಅದಕ್ಕೇ ಪ್ರತಿ ವರ್ಷ ಮನೆಯವರ ಒಂದಲ್ಲ ಒಂದು ಅಂಗಿ ಮರ ಹತ್ತುತ್ತಿತ್ತು, ಈ ಸಲ ನಿನ್ನದೇ ಹತ್ತಲಿ ಅಮ್ಮ ಎಂದು ಪಟ್ಟಿಗಳನ್ನೆಲ್ಲ ಸುತ್ತಿ ತೋಟದ ಗುಡಿಸಿಲಿನ ಮೊಳೆಗೆ ನೇತುಹಾಕಿ ಬಂದಳು, ವಸಂತ ಬರಲಿ, ಮರ ಹತ್ತುವ ಮುದುಕ ಲಫ್ತಾ ಗಂಡು ಹೂವಿನ ಎಳೆ ಇಡಲು ಬರಲಿ, ಕೆಳಗೆ ನಿಂತು ತಾನೇ ಕೊಡುತ್ತೇನೆ ಎಂದುಕೊಂಡಿದ್ದಳು. ವಸಂತ ಬಂತು, ಚಾಸಿಬ್ ಬಂದ, ಮುಖ ಇಷ್ಟು ಮಾಡಿಕೊಂಡು, ಬರ್ಬೇಡ ಅಕ್ಕ, ಏನೂ ಉಳಿದಿಲ್ಲ, ಸಮುದ್ರದ ಉಪ್ಪು ನದಿ ಹತ್ತಿ ಕಾಲುವೆಗೆಲ್ಲ ನುಗ್ಗಿದೆ, ಒಂದು ಮರಕ್ಕೂ ತಲೆ ಇಲ್ಲ, ನೀನು ನೋಡಿ ತಡ್ಕೊಳ್ಳೋಳಲ್ಲ, ಫೋನು ತೆಗೆದು ಚಿತ್ರ ತೋರಿಸಿದ, ತಲೆ ಬಿದ್ದ ಮರಗಳು, ಸುಟ್ಟ ಬೆಂಕಿಕಡ್ಡಿ ನಿಲ್ಲಿಸಿದ ಹಾಗೆ, ಅವಳು ಫೋನು ದೂರ ತಳ್ಳಿದಳು, ಅಮ್ಮನಿಗೆ ಅಳದಷ್ಟು ಮರಗಳಿಗೆ ಅತ್ತಳು, ತಮ್ಮ ಬೆನ್ನು ಸವರಿದ, ಸತ್ತ ಮಣ್ಣು ಇಟ್ಕೊಂಡು ಏನ್ ಮಾಡ್ತೀಯ ಅಕ್ಕ, ಕೊಟ್‌ಬಿಡೋಣ, ಅವಳು ಆಗಲಿ ಎಂದು ತಲೆಯಾಡಿಸಿದಳು.

ಮುಂದಿನ ಸಾಲೇ ಖರ್ಜೂರ, ದಾಟಿ ಹೋಗೋಣವೆಂದರೆ ಕಾಲು ನಿಂತಿತು, ನೋಡು, ಖರ್ಜೂರದ ಊರಿನ ಅಂಗಡಿ ನೋಡು, ಸೌದಿಯದು ಚಿನ್ನದ ಕಾಗದ ಸುತ್ತಿಕೊಂಡು ಮದುಮಗಳಾಗಿದೆ, ತಿಂದರೆ ಬರೀ ಸಕ್ಕರೆ, ಸಕ್ಕರೆಯ ಹಿಂದೆ ಏನೂ ಇಲ್ಲ, ಟ್ಯುನೀಶಿಯಾದ್ದು ಗಾಜಿನ ಹಾಗೆ ಬೀಜ ಕಾಣಿಸುತ್ತದೆ, ಒಳ್ಳೆಯದೇ, ಸುಳ್ಳು ಯಾಕೆ ಹೇಳಲಿ, ಜೇನಿನ ಹಾಗಿದೆ, ಆದರೆ ಹಲ್ಲಿಗೆ ಕೆಲಸವಿಲ್ಲ, ಇರಾನಿನದು ಕಪ್ಪು, ಮೆದು, ಪಾಪ ನಮ್ಮದರ ಸೋದರ ಸಂಬಂಧಿ, ಮತ್ತು ಇದು, ಕೊಕ್ಕೆಗೆ ತೂಗುಹಾಕಿದ ಇಡೀ ಗೊನೆ, ಹಳದಿ, ಗಟ್ಟಿ, ಬರ್ಹಿ, ಮೇಲೆ ರಟ್ಟಿನ ಚೀಟಿ, ಹೊರದೇಶದ್ದು, ಮೊದಲ ದರ್ಜೆ. ಕೇಳದೆಯೇ ಒಂದು ಕಿತ್ತು ಬಾಯಿಗೆ ಹಾಕಿಕೊಂಡಳು, ಬಸ್ರಾದಲ್ಲಿ ರುಚಿ ನೋಡದೆ ಯಾರು ಕೊಳ್ಳುತ್ತಾರೆ, ಕರುಂ ಎಂದಿತು, ಮೊದಲು ಮಡಕೆ ನೀರಿನ ತಂಪು, ಆಮೇಲೆ ಸಿಹಿ, ಗಂಟಲ ಹತ್ತಿರ ಚೂರೇ ಚೂರು ಉಪ್ಪು, ಇದು ಯಾವ ಹೊರದೇಶ, ಈ ಉಪ್ಪು ಅವಳಿಗೆ ಗೊತ್ತು, ಅಪ್ಪ ಅನ್ನುತ್ತಿದ್ದ, ನಮ್ಮ ಕಾಲುವೆ ಹಣ್ಣಿಗೆ ಕಣ್ಣೀರಿನಷ್ಟೇ ಉಪ್ಪು ಹಾಕುತ್ತದೆ ಎಂದು, ಇಲ್ಲ, ಸುಮ್ಮನೆ ಆಸೆ, ಸತ್ತ ತೋಟದ ಆಸೆ, ಗೊನೆಯನ್ನು ತಿರುಗಿಸಿದಳು, ತೊಟ್ಟಿನ ಬಾಗಿನಲ್ಲಿ ಒಂದು ಗಂಟು. ನೀಲಿ ಬಟ್ಟೆ. ಬಟ್ಟೆಯ ಅಂಚಿಗೆ ಕೆಂಪು ದಾರದ ಹೊಲಿಗೆ.

ಎಲ್ಲಿಂದು ಇದು ಎಂದು ಕೇಳಿದಳು. ಅಂಗಡಿಯವನು ಒಳ್ಳೆ ಮಾಲು ಖಾಲಾ, ಹೊರಗಿಂದು ಎಂದ, ಅವಳು ಕಣ್ಣು ಕದಲಿಸಲಿಲ್ಲ, ಅವನು ಬಗ್ಗಿ ದನಿ ತಗ್ಗಿಸಿದ, ಅಯ್ಯೋ ಖಾಲಾ, ನಮ್ಮ ಚಿಕ್ಕಮ್ಮನ ಹಾಗೆ ನೀವು, ನಿಮ್ಮತ್ರ ಏನ್ ಮುಚ್ಚೋದು, ನಮ್ಮೂರಿಂದು ಅಂತ ಬರೆದ್ರೆ ಕೊಳಕು ನೀರಿಂದು ಅಂತ ಮೂಗು ಮುರೀತಾರೆ, ಅಬುಲ್ ಖಸೀಬಿಂದೇ, ಲಫ್ತಾ ಅಂತ ಮುದುಕ ವ್ಯಾನಲ್ಲಿ ತಂದ್ ಹಾಕ್ತಾನೆ, ತೋಟ ಮಾರ್ತಾರಂತೆ, ಅದಕ್ಕೇ ಅವಸರದಲ್ಲಿ ಎಲ್ಲಾ ಇಳಿಸ್ತಿದಾರೆ, ಏನು ಫಸಲು ಅಂತೀರ ಈ ವರ್ಷ, ಮರ ಮುರಿಯೋ ಹಂಗೆ. ಮರ ಮುರಿಯುವ ಹಾಗೆ. ತಲೆಯಿಲ್ಲದ ಮರಗಳು ಮುರಿಯುವ ಹಾಗೆ ಫಲ ಬಿಟ್ಟಿವೆ, ಮೊಳೆಯ ಮೇಲಿನ ಪಟ್ಟಿ ತೆಗೆದು ಲಫ್ತಾ ಗೊನೆ ಕಟ್ಟಿದ್ದಾನೆ, ಯಾರ ತೋಟದ ಹೆಣ ತೋರಿಸಿದೆಯೋ ಚಾಸಿಬ್, ಯಾರ ಮರಗಳಿಗೆ ನನ್ನನ್ನು ಅಳಿಸಿದೆ, ಅತ್ತಾಗ ಬೆನ್ನು ಸವರಿದ ಕೈ ಅದೇ ಅಲ್ಲವೇ, ಇನ್ನೊಂದು ತಿಂಗಳು ತಾಳಿದ್ದರೆ ಹಣ್ಣು ಮಾಗಿ ಉದುರುತ್ತಿತ್ತು, ಬಿಡಿಬಿಡಿಯಾಗಿ ಡಬ್ಬಿ ಸೇರುತ್ತಿತ್ತು, ಯಾವ ಗಂಟೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಆದರೆ ಬರ್ಹಿಯನ್ನು ಹಳದಿಯಲ್ಲೇ, ಗೊನೆ ಸಮೇತವೇ ಕೊಳ್ಳುವ ಜನ ನಾವು, ಆ ಹಟವೇ ನಿನ್ನನ್ನು ಹಿಡಿದುಕೊಟ್ಟಿತು, ಮತ್ತೆ ನಿನ್ನ ಆತುರ, ಅಮ್ಮನ ಅಂಗಿಯ ಗಂಟನ್ನು ಬಿಚ್ಚಿ ಹಾಕುವಷ್ಟು ಪುರುಸೊತ್ತೂ ಇರಲಿಲ್ಲವಲ್ಲ ನಿನಗೆ. ಅಷ್ಟನ್ನೂ ಒಳಗೇ ಅಂದುಕೊಂಡಳು. ಟೊಮೇಟೊ, ಮೊಸರು, ಅಕ್ಕಿ ಎಲ್ಲವನ್ನೂ ಬಿಟ್ಟಳು, ಗೊನೆಯೊಂದನ್ನೇ ಕೊಂಡು ಮಗುವನ್ನು ಎತ್ತಿಕೊಂಡಂತೆ ಎದೆಗಾನಿಸಿ ಬಿಸಿಲಿಗೆ ಬಂದಳು, ಬಿಸಿಲು ಮುಖಕ್ಕೆ ಹೊಡೆಯಿತು, ಹೊಡೆಯಲಿ.

ಕಾರಿನ ಬಾಗಿಲು ತೆರೆದರೆ ತಂಪು, ಎಲ್ಲಿ ಅಕ್ಕ ಸಾಮಾನು, ಅಕ್ಕಿ ಸಿಗಲಿಲ್ವಾ, ಬಾಸುಮತಿನೇ ಸಾಕಿತ್ತಲ್ಲ, ಅವನಿಗೇನು ಗೊತ್ತಾಗುತ್ತೆ, ಅವಳು ಗೊನೆಯನ್ನು ಇಬ್ಬರ ನಡುವೆ ಇಟ್ಟಳು, ಚಾಸಿಬ್ ಮೊದಲು ನಕ್ಕ, ಓ ಬರ್ಹಿ, ಅತಿಥಿಗಾ ಎಂದು ಕೈ ಚಾಚಿದ, ಬೆರಳು ಹಣ್ಣಿನವರೆಗೆ ಬಂದು ಅಲ್ಲೇ ನಿಂತಿತು, ಅವನು ನೋಡುತ್ತಿದ್ದದ್ದು ಹಣ್ಣನ್ನಲ್ಲ. ಅಕ್ಕ ಎಂದ, ಆಮೇಲೆ ಇನ್ನೊಮ್ಮೆ ಅಕ್ಕ ಎಂದ. ಆಗ ಎಷ್ಟು ಚಿಕ್ಕವನು, ಅಮ್ಮನ ಮಡಿಲಲ್ಲಿ ಕೂತು ಇದೇ ಹೊಲಿಗೆಯನ್ನು ಉಗುರಿನಿಂದ ಕೀಳುತ್ತಿದ್ದ, ಕೀಳಬ್ಯಾಡ ಕಣೋ, ಬಿಚ್ಚಿಹೋಗುತ್ತೆ, ಬಿಚ್ಚಲಿಲ್ಲ, ಅಮ್ಮ ಹೋದರೂ ಬಿಚ್ಚಲಿಲ್ಲ, ಹರಿದರೂ ಬಿಚ್ಚಲಿಲ್ಲ, ಬೇಸಿಗೆಯಿಡೀ ಮರದ ನೆತ್ತಿಯಲ್ಲಿ ಗೊನೆಯ ಭಾರ ಹೊತ್ತರೂ ಬಿಚ್ಚಲಿಲ್ಲ. ಅವನು ಬರಲಿ, ಬಾಗ್ದಾದಿನವನು, ತಟ್ಟೆಯಲ್ಲಿ ಇದನ್ನೇ ಇಡುತ್ತೇನೆ, ಅನ್ನವಿಲ್ಲ, ಮೀನಿಲ್ಲ, ಸಹಿಯಿಲ್ಲ, ಇದು, ನೀಲಿ ಬಟ್ಟೆ, ಅದರ ಮೇಲೆ ಕೆಂಪು ದಾರ, ಒಂದು ಹೊಲಿಗೆ, ಅದರ ಪಕ್ಕದಲ್ಲಿ ಇನ್ನೊಂದು, ಕೆಂಪು ದಾರ, ನೀಲಿ ಬಟ್ಟೆಯ ಮೇಲೆ ಕೆಂಪು ದಾರ